ದಿನಕ್ಕೆ ಐದು ಲೋಟ

ಜನವರಿ 12, ರವಿವಾರ

ಸ್ಥಳ: ಬಳಗಾನೂರಿನ ಹತ್ತಿರದ ಕಾಲುವೆ. ಎರೆ: ಶೇಂಗಾ ಹಿಂಡಿ ಕಲಸಿದ ಕಣಕ. ಮೀನು: ಜಿಲೇಬಿ ನಾಲ್ಕು, ಎಲ್ಲ ಅಂಗೈಯಗಲ. ಹಿಡಿದವರು: ನಾನು.

ಕೊನೆಯ ಮಾತು ಬರೆದು ಪೆನ್ನು ಹಿಡಿದುಕೊಂಡೇ ಕುಳಿತಿದ್ದೇನೆ. ಪಾತ್ರೆ ಕಂಪನಿಯವರು ನನ್ನ ಅಂಗಡಿಗೆ ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಮೀನಿನ ವಿವರ ಬರೆದಿಡುವುದಕ್ಕೆ ಬಿಟ್ಟರೆ ನನಗೆ ಅದರಿಂದ ಬೇರೆ ಉಪಯೋಗವಿಲ್ಲ. ಇಪ್ಪತ್ತೆರಡು ವರ್ಷದ ಡೈರಿಗಳಲ್ಲಿ ಎಲ್ಲಿ ತೆರೆದರೂ 'ಹಿಡಿದವರು' ಎಂಬುದರ ಮುಂದೆ ಗೆಳೆಯ ಹುಸೇನ್‌ಸಾಬನ ಹೆಸರು ಇದ್ದೇ ಇರುತ್ತದೆ. ಇವತ್ತು ಅವನು ಗಾಳದ ಕೋಲನ್ನು ಮುಟ್ಟಲಿಲ್ಲ.

ದೀಪಾವಳಿಯ ಹೊತ್ತಿಗೆ ಅವನ ಎರಡೂ ಕಿಡ್ನಿ ಕೈಬಿಟ್ಟವು. ಸೋಮವಾರ, ಗುರುವಾರ ಸಿಂಧನೂರಿನ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ತಾಸು ಡಯಾಲಿಸಿಸ್. ಅದಕ್ಕಾಗಿ ಎಡಗೈಯಲ್ಲಿ ನರ ಕೂಡಿಸಿದ್ದಾರೆ, ಆ ಕೈಯಲ್ಲಿ ಭಾರ ಎತ್ತಬಾರದು. ಬಲಗೈಯಲ್ಲಿ ಹಿಡಿ ಅಂದೆ.

"ಮೀನ ಹತ್ತಿದ್ರ ಎಳಿಯಾಕ ಎರಡೂ ಕೈ ಬೇಕು ಸಾವಕಾರ. ಒಂದ ಕೈಲೆ ಕುಂತು ಮೀನಿನ ಮಸ್ಕರಿ ಮಾಡ್ಲೇನು?" ಅಂದ.

ಮಸ್ಕಿಯಿಂದ ಮುದಗಲ್ಲಿಗೆ ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಇಂದು ದಂಡೆಯ ಮೇಲೆ ಚಾಪೆ ಹಾಸಿಕೊಂಡು ನನ್ನ ಗಾಳದ ಬೆಂಡನ್ನು ನೋಡುತ್ತ ಕುಳಿತಿದ್ದ. ದಿನಕ್ಕೆ ಮುಕ್ಕಾಲು ಲೀಟರು ಮಾತ್ರ ನೀರು ಕುಡಿಯಬೇಕಂತೆ, ಚಹಾ, ಸಾರು ಎಲ್ಲ ಅದರೊಳಗೇ. ಕಾಲುವೆ ತುಂಬಿ ಹರಿಯುತ್ತಿತ್ತು. ಇಷ್ಟು ನೀರು ನೋಡಿಕೊಂಡು ಹೇಗೆ ಇರುತ್ತೀ ಎಂದು ಕೇಳಿದೆ. ಕೇಳಬಾರದಿತ್ತು.

"ನೀ ಇಷ್ಟು ವರ್ಷ ಮೀನ ಹಿಡದೂ ತಿನ್ನದ ಅದೀ ಅಲ್ಲ, ಹಂಗ" ಅಂದ.

ಅದು ನಿಜ. ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ ಎಂದು ಅವನು ನನ್ನನ್ನು ಆಡಿಕೊಳ್ಳುತ್ತಲೇ ಬಂದಿದ್ದಾನೆ. ನಾನು ಹಿಡಿದದ್ದೆಲ್ಲ ಅವನ ಮನೆಗೆ ಹೋಗುತ್ತದೆ. ನನ್ನ ಹೆಂಡತಿ ವೀರಭದ್ರಮ್ಮ ಹಿತ್ತಲ ನಳದ ಕೆಳಗೆ ನನಗೆ ಸ್ನಾನ ಮಾಡಿಸದೆ ಒಳಗೆ ಬಿಡುವುದಿಲ್ಲ. ಇವತ್ತೂ ಅಲ್ಲೇ ಸ್ನಾನವಾಯಿತು, ನೀರು ತಣ್ಣಗೆ ಕೊರೆಯುತ್ತಿತ್ತು.

ಜನವರಿ 13, ಸೋಮವಾರ

ಅಂಗಡಿಯಲ್ಲಿದ್ದ ಸಣ್ಣ ಸ್ಟೀಲ್ ಲೋಟಗಳನ್ನೆಲ್ಲ ಅಳೆದು ನೋಡಿದೆ. ಒಂದು ಸರಿಯಾಗಿ ನೂರೈವತ್ತು ಮಿಲಿ ಹಿಡಿಯಿತು. ಐದು ಲೋಟವೆಂದರೆ ದಿನದ ಪಾಲು ಮುಗಿಯಿತು. ಹೆಸರು ಕೊರೆಯುವ ಮಷೀನಿನಲ್ಲಿ ಅವನ ಹೆಸರು ಹಾಕಿ ಅವನ ಹೆಂಡತಿ ಕರೀಮಾಬಿಗೆ ಕೊಟ್ಟುಬಂದೆ. ಆಸ್ಪತ್ರೆಯವರು ಕೊಟ್ಟ ಆಹಾರದ ಪಟ್ಟಿ ಅವಳ ಹತ್ತಿರ ಇತ್ತು. ಅದನ್ನು ತಂದು ಜೆರಾಕ್ಸ್ ಮಾಡಿಸಿ, ಅಸಲನ್ನು ಹಿಂದಿರುಗಿಸಿ, ನಕಲನ್ನು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದೆ. ಉಳಿದವರು ಕಣ್ಣೀರು ಹಾಕುತ್ತ ಕೂರುತ್ತಾರೆ. ಯಾರಾದರೊಬ್ಬರು ಅಚ್ಚುಕಟ್ಟಾಗಿ ಇರಬೇಕಲ್ಲ.

ಜನವರಿ 26, ರವಿವಾರ

ಸ್ಥಳ: ಮಸ್ಕಿ ಹಳ್ಳದ ಡ್ಯಾಮು. ಎರೆ: ಕಣಕ. ಮೀನು: ಇಲ್ಲ.

ಬಾಯಿ ಒಣಗದಿರಲೆಂದು ಅವನು ಏಲಕ್ಕಿ ಅಗಿಯುತ್ತ ಕೂರುತ್ತಾನೆ. ಹನ್ನೊಂದರ ಬಿಸಿಲಿಗೆ ನಾನು ಬಾಟಲಿ ಎತ್ತಿ ಕುಡಿದೆ. ಕುಡಿದು ನೋಡಿದರೆ ಅವನು ಮುಖವನ್ನು ಆಚೆ ದಂಡೆಯ ಕಡೆ ತಿರುಗಿಸಿಕೊಂಡಿದ್ದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದೆರಡು ಎಮ್ಮೆ ನಿಂತಿದ್ದವು.

ಫೆಬ್ರವರಿ 9, ರವಿವಾರ

ಸ್ಥಳ: ಬಳಗಾನೂರು ಕಾಲುವೆ. ಎರೆ: ಎರೆಹುಳ. ಮೀನು: ರವು ಒಂದು, ಮುಕ್ಕಾಲು ಕಿಲೋ.

ನೀರಿನ ಬಾಟಲಿ ಗಾಡಿಯಲ್ಲೇ ಉಳಿಯಿತು. ಹೋಗಿ ತರಲು ಬೇಸರವಾಗಿ ಹಾಗೇ ಕುಳಿತೆ.

ಕಣಕಕ್ಕೆ ಮೀನು ಬಾಯಿ ಹಚ್ಚಲಿಲ್ಲ. ಹುಳ ಚುಚ್ಚುವುದು ಯಾವಾಗಲೂ ಹುಸೇನನ ಕೆಲಸ, ನಾನು ಆ ಡಬ್ಬಿಯ ಹತ್ತಿರವೂ ಹೋಗಿದ್ದಿಲ್ಲ. ಈಗ ಅವನ ಬೆರಳುಗಳು ನಡುಗುತ್ತವೆ. ಮೂರು ಸಲ ಪ್ರಯತ್ನಿಸಿ ಬಿಟ್ಟ. ಡಬ್ಬಿ ತೆಗೆದುಕೊಂಡು ನಾನೇ ಚುಚ್ಚಿದೆ. ಅವನು ನಗುತ್ತಾನೆಂದು ಕಾದೆ, ನಗಲಿಲ್ಲ. ಅದಕ್ಕೆ ನನಗೆ ಸಿಟ್ಟು ಬಂತು.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ನನ್ನದು ನೀರನ್ನೂ ಮುಟ್ಟದ ಉಪವಾಸ, ಅಪ್ಪನ ಕಾಲದಿಂದ ಬಂದದ್ದು. ಸಂಜೆ ಪೂಜೆಗೆ ಕೂರುವ ಮೊದಲು ಹುಸೇನ್‌ಸಾಬ್ ಫೋನು ಮಾಡಿದ.

"ನಾಲಿಗಿ ಅಂಟಾಕತೈತೇನು?"

"ಅಂಟಾಕತೈತಿ."

"ನಿಂದು ನಾಳೆ ಮುಂಜಾನಿ ಬಿಡತೈತಿ. ನಂದು ಯಾವಾಗ ಬಿಡತೈತಿ, ನಿಮ್ಮ ಶಿವನ್ನ ಕೇಳಿ ಹೇಳು."

ತಮಾಷೆಗೆ ಅಂದದ್ದೆಂದುಕೊಂಡೆ. ಫೋನು ಇಟ್ಟ ಮೇಲೆ ಹಾಗೆ ಅನ್ನಿಸಲಿಲ್ಲ. ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಮಾರ್ಚ್ 3, ಸೋಮವಾರ

ನಿನ್ನೆಯಿಂದ ರಮಜಾನ್. ಅವನ ಅಳಿಯ ಉಪವಾಸವಿದ್ದು ಗಾಡಿ ಓಡಿಸುವುದು ಬೇಡವೆಂದು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಇನ್ನು ಈ ಕೆಲಸ ನನ್ನದೇ ಎಂದು ಕರೀಮಾಬಿಗೆ ಹೇಳಿದ್ದೇನೆ. ಅಂಗಡಿ ಸೋಮವಾರ, ಗುರುವಾರ ಮಧ್ಯಾಹ್ನ ತೆರೆದರಾಯಿತು.

ಡಯಾಲಿಸಿಸ್ ಮಷೀನು ನೋಡಿಕೊಳ್ಳುವ ಹುಡುಗಿಯ ಹೆಸರು ಮೇಘಾ. ಪಾಮನಕಲ್ಲೂರಿನವಳು. ಮಾತು ಕಡಿಮೆ, ಆದರೆ ಕಣ್ಣು ಚುರುಕು. ಅವನನ್ನು ತೂಕದ ಮೇಲೆ ನಿಲ್ಲಿಸಿ, "ಮೂರೂವರೆ ಕಿಲೋ ಏರ್ಯಾವ್ರಿ ಕಾಕಾ. ಇಷ್ಟು ನೀರು ಹಿಂಡಿದ್ರ ನಿಮಗ ಕಾಲು ಹಿಡಿತಾವ. ಕದ್ದು ಕುಡದೀರೇನು?" ಅಂತ ಕೇಳಿದಳು. ಅವನು ತಲೆ ತಗ್ಗಿಸಿದ. ನಾನು ಅವನನ್ನು ಕಂಡಂದಿನಿಂದ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ಕಂಡಿಲ್ಲ.

ಬರುವಾಗ ಗಾಡಿಯಲ್ಲಿ ಅಂದ, "ಈ ತಿಂಗಳು ಚಲೋ ಐತಿ ನೋಡು. ಮನ್ಯಾಗ ಎಲ್ಲಾರೂ ಹಗಲೆಲ್ಲಾ ನನ್ನಂಗ ಇರ್ತಾರ."

ಸ್ವಲ್ಪ ದೂರ ಬಂದ ಮೇಲೆ, "ಈ ಮಷೀನು ಸಾಕಾಗೈತಿ ಬಸವಂತ" ಅಂದ. ಸಾವಕಾರ ಎಂದು ಕರೆಯಲಿಲ್ಲ, ಹೆಸರು ಹಿಡಿದು ಕರೆದ. ರಸ್ತೆಯ ತಗ್ಗುಗಳ ಬಗ್ಗೆ ಏನೋ ಮಾತಾಡಿ ಅದನ್ನು ಮರೆಸಿದೆ. ನನಗೆ ಭಯವಾಗಿತ್ತು.

ಮಾರ್ಚ್ 9, ರವಿವಾರ

ಸ್ಥಳ: ಕೃಷ್ಣಾ ನದಿ, ಜಲದುರ್ಗದ ಕಡೆ. ಎರೆ: ಎರೆಹುಳ. ಮೀನು: ಬಾಳೆಮೀನು ಒಂದು, ನಾಲ್ಕು ಕಿಲೋಗೆ ಕಡಿಮೆಯಿಲ್ಲ. ಹಿಡಿದವರು: ಇಬ್ಬರೂ.

ಈ ವರ್ಷದ ಒಳ್ಳೆಯ ರವಿವಾರವೆಂದರೆ ಇದೇ. ಕೃಷ್ಣಾ ನೋಡಿ ವರ್ಷವಾಯಿತು, ಅಲ್ಲಿಗೆ ಹೋಗೋಣ ಎಂದು ಅವನೇ ಕೇಳಿದ. ರೋಜಾ ಹಿಡಿಯಬಾರದೆಂದು ಡಾಕ್ಟರು ಅವನಿಗೆ ಮೊದಲೇ ಹೇಳಿದ್ದಾರೆ. ಲಿಂಗಸುಗೂರಿನಲ್ಲಿ ಬಸ್‌ಸ್ಟ್ಯಾಂಡಿನ ಮುಂದೆ ಎಳನೀರಿನ ಗಾಡಿ ಕಂಡು ಮೂರು ಕಾಯಿ ತೆಗೆದುಕೊಂಡೆ, ಅವನಿಗೆ ಎರಡು, ನನಗೊಂದು. ಬೇಸಿಗೆಯ ಕಾವು ಮೈಯೊಳಗೇ ಹೊಕ್ಕಂತಿತ್ತು ಅವನಿಗೆ. ಕಾಯಿಲೆಯವರಿಗೆ ಎಳನೀರಿಗಿಂತ ಒಳ್ಳೆಯದು ಯಾವುದಿದೆ? ಗೋಡೆಯ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ, ಅಳೆದು ಕುಡಿಯಬೇಕಾದದ್ದು: ನೀರು, ಚಹಾ, ಹಾಲು, ಮಜ್ಜಿಗೆ, ಸಾರು. ಎಳನೀರು ಇಲ್ಲ. ಆದರೂ ಲೆಕ್ಕ ಬಿಡಬಾರದೆಂದು, ಇದಕ್ಕೆ ಇವತ್ತಿನ ನಾಲ್ಕು ಲೋಟ ಮುರಿದುಕೊಳ್ಳಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಅವನು ಕಾಯಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. "ನೀ ಪಟ್ಟಿ ನೋಡೀಯೇನು?"

"ಗ್ವಾಡಿಗೆ ಹಚ್ಚೀನಿ. ದಿನಾ ನೋಡ್ತೀನಿ."

"ಹಂಗಾದ್ರ ಆತು ಬಿಡು" ಎಂದು ಬಾಯಿಗೆ ಹಚ್ಚಿದ. ನದಿ ದಂಡೆಯ ಬೇವಿನ ನೆರಳಲ್ಲಿ ಪಕ್ಕ ಪಕ್ಕ ಕುಳಿತು ಕುಡಿದೆವು. ಅವನು ಎರಡೂ ಮುಗಿಸಿ ಗಂಜಿಯನ್ನೂ ಕೆರೆದು ತಿಂದ. ಆಮೇಲೆ ಬಾಳೆಮೀನು ಹತ್ತಿತು. ನಾನು ಕೋಲು ಹಿಡಿದರೆ ಅವನು ಬಲಗೈಯಲ್ಲಿ ದಾರ ಸುತ್ತಿಕೊಂಡು, "ಬಿಡು, ಬಿಡು, ಈಗ ಜಗ್ಗು" ಎಂದು ಹೇಳಿಕೊಟ್ಟ. ಅವನ ಮುಖದಲ್ಲಿ ಅಂಥ ಸುಖವನ್ನು ನೋಡಿ ತಿಂಗಳುಗಳಾಗಿದ್ದವು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಯ ಮುಂದೆ ಇಳಿಸುವಾಗ ಕಾಲು ಭಾರ ಆಗ್ಯಾವ ಅಂದ. ದಿನವೆಲ್ಲ ನೆಲದ ಮೇಲೆ ಕುಳಿತದ್ದಕ್ಕೆ ಇರಬೇಕು.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಕರೀಮಾಬಿಯ ಫೋನು. ಅವನಿಗೆ ಕಾಲು ಎತ್ತಲಾಗುತ್ತಿಲ್ಲ, ಎದೆ ಒಂಥರಾ ಆಗುತ್ತಿದೆ. ಗಾಡಿಯಲ್ಲಿ ಮಲಗಿಸಿಕೊಂಡು ಸಿಂಧನೂರಿಗೆ ಹೋದೆವು.

"ನಿನ್ನೆ ಏನು ತಿಂದಾರ್ರಿ?" ಅಂತ ಮೇಘಾ ಕೇಳಿದಳು.

ಕರೀಮಾಬಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ, "ಏನೂ ಇಲ್ಲವ್ವ. ಎರಡು ಎಳನೀರು ಅಷ್ಟ."

ಅವಳು ಪೆನ್ನು ಕೆಳಗಿಟ್ಟಳು. "ಕೊಟ್ಟವ್ರು ಯಾರ್ರಿ?"

"ನಾನು."

ಅವಳು ಬೈಯಲಿಲ್ಲ. ಅವನನ್ನು ಮಷೀನಿಗೆ ಹಚ್ಚಿ, ಡಾಕ್ಟರನ್ನು ಕರೆದು, ಎಲ್ಲ ಮುಗಿದ ಮೇಲೆ ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಅದೇ ಪಟ್ಟಿ ತೂಗುಹಾಕಿತ್ತು. ಹಾಳೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಮುಟ್ಟಲೇಬಾರದ ಪದಾರ್ಥಗಳು, ಮೊದಲನೆಯದೇ ಎಳನೀರು. ಅದರೊಳಗಿನ ಪೊಟ್ಯಾಸಿಯಂ ಮೈಯಲ್ಲಿ ಉಳಿದು ಎದೆ ನಿಂತುಬಿಡುತ್ತದಂತೆ. ನಾನು ಜೆರಾಕ್ಸ್ ಮಾಡಿಸಿದ್ದು ಮುಂಬದಿಯನ್ನು ಮಾತ್ರ.

ಉಳಿದಿದ್ದಾನೆ.

ಮಾರ್ಚ್ 11, ಮಂಗಳವಾರ

ಅಂಗಡಿ ತೆರೆಯಲಿಲ್ಲ. ಗೋಡೆಯ ಹಾಳೆ ಕಿತ್ತು ಹರಿದೆ. ಎರಡು ತಿಂಗಳು ಅದರ ಕೆಳಗೆ ಎಷ್ಟು ಹೆಮ್ಮೆಯಿಂದ ಕುಳಿತಿದ್ದೆ.

ಕರೀಮಾಬಿಯ ಮುಂದೆ ಹೋಗಿ ತಪ್ಪೊಪ್ಪಿಕೊಂಡೆ. ಹಾಳೆಗೆ ಎರಡು ಬದಿ ಇರುತ್ತದೆಂಬುದು ನನ್ನಂಥ ಮೂರ್ಖನಿಗೆ ತಿಳಿಯಲಿಲ್ಲ ತಂಗೀ ಅಂದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಿಮಗ ತಿಳಿದಿದ್ದಿಲ್ಲ ಅಣ್ಣಾರ. ಅವರಿಗೆ ತಿಳಿದಿತ್ರಿ. ಹಾಳಿ ಎರಡೂ ಬಾಜೂದು ನಾನ ಅವರಿಗೆ ಓದಿ ಹೇಳೀನಿ, ಒಂದ ಸಲ ಅಲ್ಲ, ಹತ್ತು ಸಲ."

ಈ ಮಾತು ಕೇಳಿದಾಗಿನಿಂದ ನನ್ನ ತಪ್ಪು ಸಣ್ಣದಾಗಿ ಕಾಣುತ್ತಿದೆ. ಅವನಿಗೆ ತಿಳಿದಿತ್ತು. ತಿಳಿದೂ ಎರಡು ಕಾಯಿ ಕುಡಿದ. ಸಾಯಲು ನನ್ನ ಕೈಯೇ ಬೇಕಾಗಿತ್ತೇ ಅವನಿಗೆ?

ಮಾರ್ಚ್ 17, ಸೋಮವಾರ

ಆಸ್ಪತ್ರೆಗೆ ಹೋಗಿಬಂದೆವು. ಎಳನೀರಿನ ಬಗ್ಗೆ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ವೀರಭದ್ರಮ್ಮ ಊಟಕ್ಕೆ ಬಡಿಸುತ್ತ, "ತಂಬಿಗಿ ತುಂಬಿಟ್ಟದ್ದು ತುಂಬಿದಂಗ ಐತ್ರಿ. ನಿಮ್ಮ ತುಟಿ ನೋಡ್ಕೊಂಡೀರೇನು, ಒಡದು ರಕ್ತ ಬರಾಕತೈತಿ" ಅಂದಳು. ಬಿಸಿಲಿಗೆ ಒಡೆದಿವೆ. ಮೂತ್ರ ಉರಿಯುತ್ತಿರುವುದನ್ನು ಅವಳಿಗೆ ಹೇಳಿಲ್ಲ. ಈ ವರ್ಷ ಬೇಸಿಗೆ ಜಾಸ್ತಿ.

ಮಾರ್ಚ್ 31, ಸೋಮವಾರ

ಈದ್. ಹಬ್ಬಕ್ಕೆಂದು ಇವತ್ತಿನ ಡಯಾಲಿಸಿಸ್ಸನ್ನು ನಿನ್ನೆಯೇ ಮುಗಿಸಿದ್ದರು. ಪ್ರತಿ ವರ್ಷದಂತೆ ಹುಸೇನ್‌ಸಾಬನ ಮನೆಗೆ ಹೋದೆ. ಹೊಸ ಜುಬ್ಬಾ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದ. ಜುಬ್ಬಾದೊಳಗೆ ಮನುಷ್ಯ ಕಡಿಮೆಯಾಗಿದ್ದಾನೆ. ಬಂದವರೆಲ್ಲ ಅವನನ್ನು ಅಪ್ಪಿಕೊಂಡು ಒಳಗೆ ಹೋಗುತ್ತಿದ್ದರು. ಹಾಲು ಶಾವಿಗೆಯ ಸುರಕುಂಬಾ ಒಳಕೋಣೆಯಲ್ಲಿ ಹಂಚುತ್ತಿದ್ದರು. ಬಾಯಿ ಒರೆಸಿಕೊಂಡು ಹೊರಗೆ ಬರುತ್ತಿದ್ದರು.

ನನ್ನನ್ನೂ ಒಳಗೆ ಕರೆದರು. ನಾನು ಬೇಡವೆಂದೆ, ಪಡಸಾಲೆಯಲ್ಲೇ ಅವನ ಪಕ್ಕ ಕುಳಿತೆ. ಇಪ್ಪತ್ತೆರಡು ವರ್ಷದಲ್ಲಿ ಬೇಡವೆಂದದ್ದು ಇದೇ ಮೊದಲು. ಅವನಿಗೆ ಸಮಾಧಾನವಾಗುತ್ತದೆಂದುಕೊಂಡಿದ್ದೆ. ಅವನು ಎದ್ದು ಹೋಗಿ ಮಲಗಿಬಿಟ್ಟ.

ಏಪ್ರಿಲ್ 3, ಗುರುವಾರ

ಗಾಡಿ ತೆಗೆದುಕೊಂಡು ಹೋದೆ. ಬರುವುದಿಲ್ಲ ಅಂದ. ಕಾರಣ ಕೇಳಿದರೆ ಗೋಡೆಯ ಕಡೆ ಹೊರಳಿದ. ಅಳಿಯ ಕಾಲು ಹಿಡಿದ, ಮಗಳು ಅತ್ತಳು. ಮೇಘಾ ಫೋನಿನಲ್ಲಿ, "ನಾಳಿಗರ ಕರಕೊಂಡು ಬರ್ರಿ, ಐದು ಗಂಟೆ ತನಕಾ ಇರ್ತೀನಿ. ಮುಂದ ಹಾಕಬ್ಯಾಡ್ರಿ, ತಡಿಯಂಗಿಲ್ಲ ಆ ಜೀವ" ಅಂದಳು.

ನಾನು ಸಂಜೆಯವರೆಗೆ ಅವನ ಹೊಸ್ತಿಲ ಮೇಲೆ ಕುಳಿತು ಬಂದೆ. ಅವನು ಸಾಯುವುದು ನನಗೆ ಬೇಡ. ಇದನ್ನು ಅವನ ಮುಂದೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ಹೋಗಿ, ಆಸ್ಪತ್ರೆಯ ಮಾತು ಬೇಡ, ಕಾಲುವೆಗೆ ಹೋಗೋಣ ನಡಿ ಅಂದೆ. ಎದ್ದ. ಮುಖ ಊದಿತ್ತು. ಗಾಡಿಯಿಂದ ದಂಡೆಗೆ ಇಪ್ಪತ್ತು ಹೆಜ್ಜೆ ನಡೆಯಲು ಎರಡು ಕಡೆ ನಿಂತ. ಬಳಗಾನೂರಿನ ಕಾಲುವೆಯಲ್ಲಿ ನೀರು ಇಳಿದಿತ್ತು, ಇನ್ನು ಕೆಲವು ದಿನಕ್ಕೆ ಬಂದ್ ಮಾಡುತ್ತಾರೆ. ಗಾಳ ಹಾಕಿದೆ. ಎರೆ ಹಚ್ಚಿದ್ದೆನೋ ಇಲ್ಲವೋ ನೆನಪಿಲ್ಲ.

"ನೀರ ತಂದೀಯೇನು?" ಅಂದ.

ಅವನಿಗೆ ಬೇಕೆಂದು ತಿಳಿದು, "ಒಂದು ಲೋಟ ಆದ್ರ ಕುಡಿ" ಅಂದೆ.

"ನನಗಲ್ಲ. ನಿನಗ. ಎರಡು ತಿಂಗಳಾತು, ನೀ ಬಾಟ್ಲಿ ತರೂದು ಬಿಟ್ಟೀ. ನನ್ನ ಮುಂದ ಒಂದು ಗುಟುಕು ನೀರ ಕುಡದಿಲ್ಲ. ನನಗ ಕಾಣಂಗಿಲ್ಲ ಅಂತ ಮಾಡೀಯೇನು?"

ಮರೆತೆ ಅಂದೆ. ಎರಡು ತಿಂಗಳು ಯಾರಾದರೂ ಮರೆಯುತ್ತಾರೆಯೇ ಎಂದು ಅವನು ಕೇಳಲಿಲ್ಲ. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಮಾತಾಡಿದ.

"ಮನ್ಯಾಗ ನೀರಿನ ಕೊಡ ಪಡಸಾಲ್ಯಾಗಿಂದ ಒಳಗ ಒಯ್ದಾರ. ಕರೀಮಾ ಸೆರಗ ಮರಿ ಮಾಡಿ ಕುಡಿತಾಳ. ಮೊಮ್ಮಗಳು ನೀರ ಅಂದ್ರ ಬಾಯಿ ಮುಚ್ಚಿ ಹೊರಗ ಕರಕೊಂಡು ಹೋಗ್ತಾರ. ರಮಜಾನದಾಗ ಎಲ್ಲಾರೂ ಕೂಡೇ ಬಾಯಾರಿದ್ವಿ, ಅದೊಂದು ಚಲೋ ಇತ್ತು. ಹಬ್ಬದ ದಿನ ಮತ್ತ ಸುರು ಆತು. ಹೆಣ ಇಟ್ಟ ಮನ್ಯಾಗ ಮಂದಿ ಹಂಗ ಕುಡಿತಾರ ಬಸವಂತ, ಹಿತ್ತಲಕ ಹೋಗಿ, ಕದ್ದು. ನಾ ಇನ್ನಾ ಕುಂತೀನಿ ಅಲ್ಲಿ, ಜುಬ್ಬಾ ಹಾಕ್ಕೊಂಡು."

ಕೇಳಲೇಬೇಕಾದದ್ದನ್ನು ಆಗ ಕೇಳಿದೆ. "ಕೃಷ್ಣಾದ ದಂಡ್ಯಾಗ ಆ ಎಳನೀರು ಯಾಕ ಕುಡದಿ? ಸಾಯಾಕೇನು?"

"ಬಾಯಾರಿತ್ತು, ಅದು ಖರೆ. ಸಾಯಬೇಕಂತ ಅಲ್ಲ. ನೀ ಒಂದು ಕಾಯಿ ಹಿಡಕೊಂಡು ನನ್ನ ಬಾಜೂಕ ಕುಂತು ಕುಡ್ಯಾಕತ್ತಿದ್ದಿ. ಸಂಕ್ರಾಂತಿ ಆದಮ್ಯಾಲ ನನ್ನ ಕೂಡ ಕುಂತು ಕುಡದಾಂವ ನೀ ಒಬ್ಬನ. ಬ್ಯಾಡ ಅಂದ್ರ ನೀನೂ ಕೆಳಗಿಡ್ತಿದ್ದಿ."

ಎದ್ದು ಹೋದೆ. ಪಕ್ಕದ ಗದ್ದೆಯಲ್ಲಿ ಭತ್ತ ಕೊಯ್ಯುವವರು ಮರದ ಕೆಳಗೆ ಕೊಡ ಇಟ್ಟಿದ್ದರು. ಕೇಳಿ ದೊಡ್ಡ ಚೊಂಬಿನ ತುಂಬ ನೀರು ತಂದು ಅವನ ಎದುರಿಗೇ ಕುಳಿತೆ. ಎತ್ತಿ ಕುಡಿಯಲು ಶುರು ಮಾಡಿದೆ. ಅವನು ಮುಖ ತಿರುಗಿಸಲಿಲ್ಲ. ನನ್ನ ಗಂಟಲನ್ನೇ ನೋಡುತ್ತಿದ್ದ.

"ಸಾವಕಾಶ ಕುಡಿ. ತಣ್ಣಗ ಐತೇನು?"

"ಐತಿ."

"ಸಿಹಿ ನೀರೇನು?"

"ಒಂದೀಟು ಸವುಳು."

"ಇರಲಿ, ಕುಡಿ. ಪೂರಾ ಕುಡಿ."

ಪೂರ್ತಿ ಕುಡಿದೆ. ಅಷ್ಟು ಬಾಯಾರಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಎದೆಯ ಮೇಲೆಲ್ಲ ಚೆಲ್ಲಿಕೊಂಡೆ, ಅಳುತ್ತಲೂ ಇದ್ದೆ. ಚೊಂಬು ಕೆಳಗಿಟ್ಟಾಗ ಅವನು ಹೆಗಲ ಮೇಲಿನ ವಸ್ತ್ರದಿಂದ ತನ್ನ ಬಾಯಿ ಒರೆಸಿಕೊಂಡ.

"ನೀ ಹೋಗಬ್ಯಾಡಲೇ" ಅಂದೆ. ಅಷ್ಟೇ ಬಂತು.

ಅವನು ಏಳಲು ಬಲಗೈ ಚಾಚಿದ. "ನಡಿ. ಆ ಹುಡುಗಿ ಐದಕ್ಕ ಹೋಗ್ತಾಳ."

ಕೋಲುಗಳನ್ನು ಅಲ್ಲೇ ಬಿಟ್ಟು ಸಿಂಧನೂರಿಗೆ ಹೊರಟೆವು. ಮೇಘಾ ಏನೂ ಕೇಳದೆ ಹಾಸಿಗೆ ಸರಿಮಾಡಿದಳು. ಸೂಜಿ ಹಾಕುವ ಮೊದಲು ಅವನು ನನ್ನನ್ನು ಹತ್ತಿರ ಕರೆದು, "ಕರೀಮಾಗ ಫೋನ್ ಹಚ್ಚು. ನೀರಿನ ಕೊಡ ಪಡಸಾಲ್ಯಾಗ ತಂದಿಡು ಅಂತ ಹೇಳು. ಮೊದಲಿನ ಜಾಗಾದಾಗ" ಅಂದ.

ಹೊರಗೆ ಬಂದು ಫೋನು ಮಾಡಿ ಹೇಳಿದೆ. ಅವಳು ಫೋನನ್ನು ಕೆಳಗಿಟ್ಟು ಕೊಡ ಎತ್ತಿದ ಸದ್ದು ಕೇಳಿಸಿತು.